ಮನೆಕೆಲಸದವರ ಕಳ್ಳತನ ಸಿಕ್ಕಿಬಿದ್ದಾಗ: ದೂರು ಕೊಡುವುದೇ, ಮನೆಯಲ್ಲೇ ಮುಗಿಸುವುದೇ?

ನಮ್ಮ ತಾಯಿ ಪಿಂಚಣಿಯ ಹಣವನ್ನು ಬೀರುವಿನಲ್ಲಿ, ಒಂದು ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಡುತ್ತಿದ್ದರು. ಎರಡು ತಿಂಗಳು ಲೆಕ್ಕ ತಪ್ಪುತ್ತಲೇ ಇತ್ತು. ವಯಸ್ಸಾಯಿತು, ಎಣಿಸಿದ್ದು ಮರೆತುಹೋಗುತ್ತಿದೆ ಎಂದು ಅವರು ತಮ್ಮನ್ನೇ ಹಳಿದುಕೊಂಡರು. ಮೂರನೆಯ ತಿಂಗಳು ಐನೂರರ ನೋಟುಗಳ ಸಂಖ್ಯೆಗಳನ್ನು ನಾನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ಒಂದು ಶುಕ್ರವಾರ ಬೆಳಿಗ್ಗೆ ಎರಡು ನೋಟು ಇರಲಿಲ್ಲ. ಆರು ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಆಕೆಯನ್ನು ಅಡುಗೆಮನೆಗೆ ಕರೆದು ಕೇಳಿದೆ. ಮೊದಲು ಇಲ್ಲ ಎಂದಳು. ಆಮೇಲೆ ಮಾತಿಲ್ಲದೆ ಸೊಂಟಕ್ಕೆ ಸಿಕ್ಕಿಸಿದ್ದ ಚಿಕ್ಕ ಪರ್ಸನ್ನು ಬಿಚ್ಚಿ, ನಾಲ್ಕಾಗಿ ಮಡಚಿದ ಎರಡು ನೋಟುಗಳನ್ನು ಒಲೆಯ ಕಟ್ಟೆಯ ಮೇಲಿಟ್ಟಳು. "ಸಂಘದ ಕಂತಿಗೆ ಮಂಗಳವಾರ ಬಾಗಿಲಿಗೇ ಬರ್ತಾರಕ್ಕ" ಎಂದಷ್ಟೇ ಹೇಳಿದಳು. ಸಂಖ್ಯೆ ಹೋಲಿಸಿ ನೋಡಿದೆ, ಅವೇ ನೋಟುಗಳು.

ಮುಂದಿನ ಅರ್ಧ ಗಂಟೆಯಲ್ಲಿ ನಾಲ್ಕು ಸಲಹೆಗಳು ಬಂದವು. ಅಣ್ಣ ಫೋನಿನಲ್ಲಿ, ಈಗಲೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸು ಎಂದ. ಪಕ್ಕದ ಮನೆಯವರು, ಎಫ್‌ಐಆರ್ ಎಲ್ಲ ಯಾಕೆ, ಗುರುತಿನ ಎಸ್‌ಐ ಒಬ್ಬರಿದ್ದಾರೆ, ಕರೆಸಿ ಹೆದರಿಸಿ ಕಳುಹಿಸುತ್ತಾರೆ ಎಂದರು. ಅತ್ತಿಗೆ, ಕೊಡಬೇಕಾದ್ದು ವಸೂಲಿ ಮಾಡಿ ಇವತ್ತೇ ಬಿಡಿಸಿಬಿಡು ಎಂದರು. ತಾಯಿಯಂತೂ, ಆರು ವರ್ಷ ನನ್ನ ಕಾಲು ಒತ್ತಿದ್ದಾಳೆ, ಬೀರುವಿಗೆ ಬೀಗ ಹಾಕಿದರಾಯಿತು, ಬಿಡು ಎಂದರು. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇಂಥ ಹೊತ್ತಿನಲ್ಲಿ ಎದುರಿಗೆ ನಿಲ್ಲುವ ದಾರಿಗಳು ಇವೇ ನಾಲ್ಕು. ಇವುಗಳಲ್ಲಿ ಪ್ರತಿಯೊಂದರಿಂದ ಏನು ಸಿಗುತ್ತದೆ, ಏನು ಕಳೆದುಕೊಳ್ಳುತ್ತೇವೆ, ಯಾರಿಗೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಕೋಪ ಇಳಿದ ಮೇಲೆ ನೋಡುವುದು ಒಳ್ಳೆಯದು. ಎರಡನೆಯ ದಾರಿಯೇ ಎಲ್ಲಕ್ಕಿಂತ ಕೆಟ್ಟದ್ದು, ಆದರೆ ನಮ್ಮ ಊರುಗಳಲ್ಲಿ ಹೆಚ್ಚು ಜನ ಹಿಡಿಯುವುದು ಅದನ್ನೇ ಎಂಬ ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ.

ಸಿಕ್ಕಿಬಿದ್ದದ್ದು ಎಂದರೆ ಏನು

ಯಾವ ದಾರಿಯನ್ನು ಆರಿಸುವುದಕ್ಕೂ ಮೊದಲು, ಕಳ್ಳತನ ನಿಜವಾಗಿ ಸಿಕ್ಕಿಬಿದ್ದಿದೆಯೇ ಅಥವಾ ಸಂಶಯ ಮಾತ್ರ ಗಟ್ಟಿಯಾಗಿದೆಯೇ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆ ಇದಕ್ಕೇ ಹುಟ್ಟಿದಂತಿದೆ. ವರ್ಷಗಳ ಹಿಂದೆ ನಮ್ಮ ತಾಯಿಯ ಒಂದು ಬೆಂಡೋಲೆ ಕಾಣೆಯಾದಾಗ, ಆಗ ಕೆಲಸಕ್ಕಿದ್ದ ಇನ್ನೊಬ್ಬಾಕೆಯನ್ನು ನಾವು ನೇರವಾಗಿ ಕಳ್ಳಿ ಎನ್ನಲಿಲ್ಲ, ಆದರೆ ಆಕೆ ಬಂದಾಗಲೆಲ್ಲ ಕೋಣೆಯ ಬಾಗಿಲಲ್ಲಿ ಒಬ್ಬರು ನಿಲ್ಲುತ್ತಿದ್ದೆವು. ಮೂರು ವಾರದಲ್ಲಿ ಆಕೆ ತಾನಾಗಿ ಕೆಲಸ ಬಿಟ್ಟಳು. ನಮ್ಮ ಸಂಶಯ ಇನ್ನಷ್ಟು ಬಲವಾಯಿತು. ಹನ್ನೊಂದು ತಿಂಗಳ ನಂತರ ಬಟ್ಟೆ ಒಗೆಯುವ ಯಂತ್ರ ನೀರು ಸೋರುತ್ತಿದೆಯೆಂದು ರಿಪೇರಿಯವನನ್ನು ಕರೆಸಿದಾಗ, ಬಾಗಿಲಿನ ರಬ್ಬರಿನ ಸಂದಿಯಿಂದ ಒಂದು ನಾಣ್ಯ, ಎರಡು ಪಿನ್ನು ಮತ್ತು ಆ ಬೆಂಡೋಲೆ ಹೊರಬಂದವು. ಆಕೆಯನ್ನು ಹುಡುಕಿಕೊಂಡು ಹೋದೆವು, ಮನೆ ಬದಲಿಸಿದ್ದಳು.

ಆದ್ದರಿಂದ ಪುರಾವೆಯನ್ನು ತೂಗುವಾಗ ಕೆಲವು ವಿಷಯಗಳಿಗೆ ಬೆಲೆ ಕೊಡಬಾರದು. ಪ್ರಶ್ನೆ ಕೇಳಿದೊಡನೆ ನಡುಗಿದಳು, ಅತ್ತಳು, ಮುಖ ಬಿಳಿಚಿಕೊಂಡಿತು ಎಂಬುದು ಪುರಾವೆಯಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ, ಆದರೆ ತಿಂಗಳ ಸಂಬಳ, ಬೀದಿಯ ಮರ್ಯಾದೆ, ಉಳಿದ ಮೂರು ಮನೆಗಳ ಕೆಲಸ ಎಲ್ಲವೂ ಒಂದೇ ಆರೋಪದಲ್ಲಿ ಹೋಗಬಹುದಾದವರು ತಪ್ಪು ಮಾಡದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತಾರೆ. ವಸ್ತು ಆಕೆಯ ಬಳಿಯೇ ಸಿಕ್ಕಿತೇ, ಅದು ನಿಮ್ಮದೇ ಎಂದು ಗುರುತಿಸಲು ನೋಟಿನ ಸಂಖ್ಯೆ, ರಸೀದಿ ಅಥವಾ ಫೋಟೋ ಇದೆಯೇ, ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಲ್ಲವರು ಬೇರೆ ಯಾರಿದ್ದರು, ಕ್ಯಾಮೆರಾದ ದೃಶ್ಯವಿದೆಯೇ ಎಂಬುವೇ ಕೇಳಬೇಕಾದ ಪ್ರಶ್ನೆಗಳು. ಕದ್ದ ವಸ್ತು ಕಳುವಾದ ಸ್ವಲ್ಪ ಹೊತ್ತಿನಲ್ಲೇ ಒಬ್ಬರ ವಶದಲ್ಲಿ ಸಿಕ್ಕಿ, ಅದಕ್ಕೆ ಅವರು ಸಮಜಾಯಿಷಿ ಕೊಡಲಾಗದಿದ್ದರೆ ನ್ಯಾಯಾಲಯ ಅವರ ವಿರುದ್ಧ ಊಹೆ ಮಾಡಬಹುದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ ಹೇಳುತ್ತದೆ. ಬರೀ ಸಂಶಯಕ್ಕೆ ಅಂಥ ಬಲವಿಲ್ಲ.

ಸಂಶಯ ಮಾತ್ರವಿದ್ದು, ಹೋದದ್ದು ದೊಡ್ಡ ಮೊತ್ತವಾಗಿದ್ದರೆ, ವ್ಯಕ್ತಿಯನ್ನು ಹೆಸರಿಸದೆ ಕಳುವಿನ ದೂರನ್ನು ಮಾತ್ರ ಕೊಡುವುದು ಸರಿಯಾದ ಕ್ರಮ. ಮನೆಗೆ ಬಂದುಹೋಗುವವರು ಯಾರು ಯಾರು ಎಂದು ಪೊಲೀಸರು ಕೇಳುತ್ತಾರೆ. ಎಲ್ಲರ ಹೆಸರನ್ನೂ, ನೆಂಟರು ಮತ್ತು ಎಲೆಕ್ಟ್ರಿಷಿಯನ್ ಸಹಿತ, ಹೇಳಬೇಕು. ಪಟ್ಟಿಯಲ್ಲಿ ಕೆಲಸದಾಕೆಯದೊಂದೇ ಹೆಸರಿದ್ದರೆ ತನಿಖೆ ಆರಂಭವಾಗುವ ಮೊದಲೇ ದಿಕ್ಕು ಹಿಡಿದಿರುತ್ತದೆ.

ಮೊದಲನೆಯ ದಾರಿ: ವಿಧಿವತ್ತಾಗಿ ದೂರು

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಇದರಲ್ಲಿ ಸಾಮಾನ್ಯ ಕಳವಿಗೆ 303ನೇ ಕಲಂ ಅನ್ವಯಿಸುತ್ತದೆ, ಶಿಕ್ಷೆ ಮೂರು ವರ್ಷದವರೆಗೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅದು ಮೊದಲ ಅಪರಾಧವಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ ಎಂಬ ಹೊಸ ಅಂಶವೂ ಇದರಲ್ಲಿದೆ. ಇದನ್ನು ಓದಿದವರು, ಸಾವಿರ ರೂಪಾಯಿಯ ಪ್ರಕರಣ ಹಗುರವಾಗಿಯೇ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ಹಾಗಾಗದಿರುವ ಸಾಧ್ಯತೆಯೇ ಹೆಚ್ಚು. ಏಕೆಂದರೆ ನೌಕರರು ಮಾಲೀಕರ ವಶದಲ್ಲಿರುವ ವಸ್ತುವನ್ನು ಕದಿಯುವುದಕ್ಕೆ 306ನೇ ಕಲಂ, ವಾಸದ ಮನೆಯೊಳಗಿನ ಕಳವಿಗೆ 305ನೇ ಕಲಂ ಪ್ರತ್ಯೇಕವಾಗಿವೆ. ಎರಡರಲ್ಲೂ ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು, ಎರಡೂ ಜಾಮೀನು ಹಕ್ಕಾಗಿ ಸಿಗದ ಅಪರಾಧಗಳು, ಎರಡರಲ್ಲೂ 5,000 ರೂಪಾಯಿಯ ರಿಯಾಯಿತಿಯ ಮಾತಿಲ್ಲ. ನಂಬಿಕೆಯಿಂದ ಒಳಗೆ ಬಿಟ್ಟವರು ಕದ್ದರೆ ಬೀದಿಯ ಕಳ್ಳನಿಗಿಂತ ಹೆಚ್ಚಿನ ತಪ್ಪು ಎಂಬುದು ಹಳೆಯ ಕಾನೂನಿನಿಂದಲೇ ಬಂದ ಎಣಿಕೆ. ನಮ್ಮ ಮನೆಯ ಎರಡು ನೋಟುಗಳ ಪ್ರಕರಣ, ದೂರಿನಲ್ಲಿ ನಾನು ಮನೆಕೆಲಸದಾಕೆ ಎಂದು ಬರೆದೊಡನೆ, ಏಳು ವರ್ಷದ ಕಲಮಿಗೆ ಹೋಗಿ ಕೂರಬಲ್ಲದ್ದಾಗಿತ್ತು.

ಕಲಮುಗಳ ನಡುವೆ ಇನ್ನೊಂದು ವ್ಯತ್ಯಾಸವಿದೆ. ಠಾಣೆಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. 306ನೇ ಕಲಮಿನ ಪ್ರಕರಣವನ್ನು ನ್ಯಾಯಾಲಯದ ಅನುಮತಿ ಪಡೆದು ವಸ್ತುವಿನ ಮಾಲೀಕರು ರಾಜಿ ಮಾಡಿಕೊಳ್ಳಬಹುದು. 305ನೇ ಕಲಂ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಎಫ್‌ಐಆರಿನಲ್ಲಿ 305 ಸೇರಿಕೊಂಡ ಮೇಲೆ ನಿಮಗೆ ಮನಸ್ಸು ಕರಗಿ, ವಸ್ತು ಬಂದಿದೆ, ಕೇಸು ಬೇಡ ಎಂದರೂ ಅದು ನಿಮ್ಮ ಕೈಯಲ್ಲಿರುವುದಿಲ್ಲ. ಪ್ರಕರಣ ರದ್ದುಪಡಿಸುವಂತೆ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ದೂರು ಕೊಟ್ಟು ವಸ್ತು ಸಿಕ್ಕಮೇಲೆ ಹಿಂತೆಗೆದುಕೊಂಡರಾಯಿತು ಎಂಬ ಲೆಕ್ಕಾಚಾರದವರು ಇದನ್ನು ತಿಳಿದಿರಬೇಕು.

ಈ ದಾರಿಯ ಲಾಭವೂ ದೊಡ್ಡದೇ. ಚಿನ್ನ ಗಿರವಿ ಅಂಗಡಿಗೋ ಚಿನ್ನದ ಸಾಲ ಕೊಡುವ ಕಂಪನಿಗೋ ಹೋಗಿದ್ದರೆ, ಅದನ್ನು ಅಲ್ಲಿಂದ ತರಿಸುವ ಅಧಿಕಾರ ಪೊಲೀಸರಿಗಿದೆ, ನಿಮಗಿಲ್ಲ. ಕದ್ದ ಮಾಲೆಂದು ತಿಳಿದೂ ಕೊಂಡವರ ಮೇಲೆ 317ನೇ ಕಲಮಿನಡಿ ಕ್ರಮವಾಗುತ್ತದೆ. ಹೀಗೆ ವಶಪಡಿಸಿಕೊಂಡ ಒಡವೆ ನಿಮ್ಮ ಕೈಗೆ ನೇರವಾಗಿ ಬರುವುದಿಲ್ಲ. ಮಹಜರು ಬರೆದು ನ್ಯಾಯಾಲಯಕ್ಕೆ ವರದಿಯಾಗಿ, ನೀವು ಅರ್ಜಿ ಹಾಕಿ, ಫೋಟೋ ತೆಗೆಸಿ, ಬಾಂಡು ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಯಲ್ಲಿ ಕೊಳೆಹಾಕದೆ ಬೇಗ ಮಾಲೀಕರಿಗೆ ಒಪ್ಪಿಸಬೇಕೆಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಒಡವೆಯ ರಸೀದಿ ಇಲ್ಲದಿದ್ದರೆ ಮದುವೆಯ ಫೋಟೋದಲ್ಲಿ ಅದನ್ನು ತೊಟ್ಟಿರುವ ಚಿತ್ರವಾದರೂ ಕೈಯಲ್ಲಿರಲಿ. ಕ್ಯಾಮೆರಾದ ದೃಶ್ಯವನ್ನು ಸಾಕ್ಷ್ಯವಾಗಿ ಕೊಡುವುದಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹಳೆಯ ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ ಅದನ್ನು ಮೊದಲ ದಿನವೇ ಬೇರೆ ಕಡೆಗೆ ತೆಗೆದಿಡಬೇಕು.

ವಿಮೆಯ ಆಸೆಯಿಂದ ಎಫ್‌ಐಆರ್ ಮಾಡಿಸುವವರು ಪಾಲಿಸಿಯನ್ನು ಮೊದಲು ತೆಗೆದು ಓದಿ. ಅನೇಕ ಗೃಹವಿಮೆಗಳು ಬಾಗಿಲು ಒಡೆದು ನುಗ್ಗಿದ ಕಳ್ಳತನಕ್ಕೆ ಪರಿಹಾರ ಕೊಡುತ್ತವೆಯೇ ಹೊರತು, ಮನೆಯ ಕೆಲಸದವರು ಕದ್ದದ್ದನ್ನು ಹೊರಗಿಟ್ಟಿರುತ್ತವೆ ಅಥವಾ ಅದಕ್ಕೆ ಬೇರೆ ಕಂತು ಕಟ್ಟಿರಬೇಕೆನ್ನುತ್ತವೆ.

ಎಫ್‌ಐಆರ್ ಎಂದರೆ ಆಕೆ ಅಂದೇ ಸಂಜೆ ಜೈಲಿಗೆ ಎಂಬ ಕಲ್ಪನೆ ತಪ್ಪು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅನಿವಾರ್ಯವಲ್ಲದಿದ್ದರೆ ವಿಚಾರಣೆಗೆ ಹಾಜರಾಗಲು ನೋಟಿಸ್ ಕೊಡಬೇಕು ಎಂಬ ನಿಯಮ, ತನಿಖೆ ಮತ್ತು ಬಂಧನದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿದೆ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಗಟ್ಟಿಗೊಳಿಸಿತ್ತು. ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು, ಅಸಾಧಾರಣ ಸಂದರ್ಭಗಳ ಹೊರತು, ಹೆಂಗಸರನ್ನು ಬಂಧಿಸುವಂತಿಲ್ಲ. ಹಾಗೆಂದು ಭಾರ ಕಡಿಮೆಯೆಂದಲ್ಲ. ದಿನಗೂಲಿಯ ಗಂಡ, ಸಾವಿರಾರು ರೂಪಾಯಿಯ ವಕೀಲರ ಶುಲ್ಕ, ಪ್ರತಿ ವಾಯಿದೆಗೂ ಒಂದು ದಿನದ ಕೆಲಸ ಕಳೆದುಕೊಳ್ಳುವುದು, ಮುಂದೆ ಯಾವ ಮನೆಯಲ್ಲೂ ಕೆಲಸ ಸಿಗದಿರುವುದು ಇವೆಲ್ಲ ತೀರ್ಪಿಗೂ ಮೊದಲೇ ಆಗುವ ಶಿಕ್ಷೆಗಳು. ಫಿರ್ಯಾದಿಯಾದ ನಿಮಗೂ ಕೆಲವು ವರ್ಷಗಳ ನಂತರ ಸಾಕ್ಷಿ ಸಮನ್ಸ್ ಬರುತ್ತದೆ. ಆ ವೇಳೆಗೆ ನೀವು ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದರೂ ಅದು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಏನು ಮಾಡಬೇಕೆಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂಬುದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪಿನ ಸಾಮಾನ್ಯ ನಿಯಮ. ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ಜಿಲ್ಲೆಗಳಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ಗಳಲ್ಲಿ ಡಿಸಿಪಿಗೆ ಲಿಖಿತವಾಗಿ ಬರೆಯಬಹುದು; ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು.

ಎರಡನೆಯ ದಾರಿ: ಠಾಣೆಯಲ್ಲಿ ಹೆದರಿಸಿ ಕಳುಹಿಸುವುದು

ಇದರ ಆಕರ್ಷಣೆ ನನಗೂ ಅರ್ಥವಾಗುತ್ತದೆ. ಕೇಸು ಇಲ್ಲ, ಕೋರ್ಟು ಇಲ್ಲ, ಮನಸ್ಸಿಗೆ ಪಾಪಪ್ರಜ್ಞೆಯೂ ಇಲ್ಲ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಗುರುತಿನವರಿಗೆ ಫೋನು ಮಾಡಿದರೆ ಆಕೆಯನ್ನು ಕರೆಸುತ್ತಾರೆ, ಬೆಂಚಿನ ಮೇಲೆ ಕೂರಿಸುತ್ತಾರೆ, ಗದರಿಸುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇದನ್ನು ಜನ ಕರುಣೆಯ ದಾರಿ ಎಂದೇ ತಿಳಿದಿದ್ದಾರೆ.

ಆದರೆ ಎಫ್‌ಐಆರ್ ಇಲ್ಲದೆ ಠಾಣೆಯಲ್ಲಿ ಕೂತಿರುವ ವ್ಯಕ್ತಿಗೆ ಕಾಗದದ ಮೇಲೆ ಅಸ್ತಿತ್ವವಿಲ್ಲ. ಬಂಧನ ಎಂದು ಬರೆದಿದ್ದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾಗುತ್ತಿತ್ತು, ಮನೆಯವರಿಗೆ ತಿಳಿಸಬೇಕಾಗುತ್ತಿತ್ತು, ಮಹಿಳಾ ಸಿಬ್ಬಂದಿ ಇರಬೇಕಾಗುತ್ತಿತ್ತು, ವೈದ್ಯಕೀಯ ಪರೀಕ್ಷೆಯಾಗಬೇಕಿತ್ತು. ಈ ರಕ್ಷಣೆಗಳೆಲ್ಲ ದಾಖಲೆಗೆ ಅಂಟಿಕೊಂಡಿರುವಂಥವು. ದಾಖಲೆಯೇ ಇಲ್ಲದಿದ್ದಾಗ ಉಳಿಯುವುದು ಆ ಹೊತ್ತಿನಲ್ಲಿ ಕರ್ತವ್ಯದಲ್ಲಿರುವವರ ಮನಃಸ್ಥಿತಿ ಮಾತ್ರ. ಠಾಣೆಗಳಲ್ಲೆಲ್ಲ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಬೇಕಾಗಿ ಬಂದದ್ದು ಇಂಥ ಹೊತ್ತುಗಳಿಗಾಗಿಯೇ. ಸ್ವಲ್ಪ ಬಿಸಿ ಮುಟ್ಟಿಸಿ ಎಂದು ನೀವು ಹೇಳಿದ ಮಾತು ಅಲ್ಲಿ ಯಾವ ರೂಪ ಪಡೆಯುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿರುವುದಿಲ್ಲ, ಆದರೆ ಏನಾದರೂ ಅನಾಹುತವಾದರೆ ಹೇಳಿದವರು ಯಾರು ಎಂಬ ಪ್ರಶ್ನೆ ಮಾತ್ರ ನಿಮ್ಮ ಬಾಗಿಲಿಗೆ ಬರುತ್ತದೆ.

ನಿಮ್ಮ ಲಾಭದ ದೃಷ್ಟಿಯಿಂದ ನೋಡಿದರೂ ಇದು ಟೊಳ್ಳು. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಆಕೆ ಕೊಟ್ಟ ಮಾಹಿತಿಯಿಂದ ವಸ್ತು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಎಫ್‌ಐಆರ್ ಇಲ್ಲದ್ದರಿಂದ ಗಿರವಿ ಅಂಗಡಿಯವರು ಒಡವೆಯನ್ನು ಕೊಡಬೇಕಾದ ಕಟ್ಟುಪಾಡೂ ಇಲ್ಲ, ವಿಮೆಗೆ ತೋರಿಸಲು ಕಾಗದವೂ ಇಲ್ಲ. ದೂರಿನ ಬಲವೂ ಇಲ್ಲದ, ಕ್ಷಮೆಯ ಹಗುರವೂ ಇಲ್ಲದ ದಾರಿ ಇದು. ಠಾಣೆಗೆ ಹೋಗುವುದಾದರೆ ಲಿಖಿತ ದೂರಿನೊಡನೆ ಹೋಗಿ ಸ್ವೀಕೃತಿ ಪಡೆಯಿರಿ. ಅದು ಬೇಡವೆನಿಸಿದರೆ ಠಾಣೆಯ ಮೆಟ್ಟಿಲನ್ನೇ ಹತ್ತಬೇಡಿ.

ಮೂರನೆಯ ದಾರಿ: ಮನೆಯಲ್ಲೇ ಇತ್ಯರ್ಥ ಮಾಡಿ ಬಿಡಿಸುವುದು

ಸಣ್ಣ ಮೊತ್ತ, ಸ್ಪಷ್ಟ ಪುರಾವೆ, ಒಪ್ಪಿಕೊಂಡ ವ್ಯಕ್ತಿ ಈ ಮೂರೂ ಸೇರಿದಾಗ ಇದೇ ಸರಿಯಾದ ದಾರಿ ಎಂಬುದು ನನ್ನ ಎಣಿಕೆ. ಸಾಮಾನ್ಯ ಕಳವಿನ ಬಗ್ಗೆ ದೂರು ಕೊಡಲೇಬೇಕೆಂಬ ಕಟ್ಟಳೆ ಮನೆಯ ಯಜಮಾನರ ಮೇಲಿಲ್ಲ. ಆದರೆ ಇದನ್ನು ಮಾಡುವ ರೀತಿಯಲ್ಲಿ ಎಡವುವವರು ಬಹಳ. ಕಳವಿಗೆ ಒಳಗಾದವರೇ ಅರ್ಧ ಗಂಟೆಯಲ್ಲಿ ಆರೋಪಿಗಳಾಗಿಬಿಡುವುದು ಇಲ್ಲಿಯೇ.

ಕೋಣೆಯಲ್ಲಿ ಕೂಡಿಹಾಕಿ ಬಾಯಿ ಬಿಡಿಸುವುದು ಅಕ್ರಮ ಬಂಧನ. ಅದಕ್ಕೆ ನ್ಯಾಯ ಸಂಹಿತೆಯ 127ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಶಿಕ್ಷೆಯಿದೆ. ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವರನ್ನು ಸಾಮಾನ್ಯ ಜನರೂ ಹಿಡಿದಿಡಬಹುದು ಎಂಬುದು ನಿಜ, ಆದರೆ ಅನಗತ್ಯ ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು; ಮನೆಯಲ್ಲೇ ವಿಚಾರಣೆ ನಡೆಸಲು ಅದು ಪರವಾನಗಿಯಲ್ಲ. ಮೈ ತಡಕುವುದು, ಬಟ್ಟೆ ಬಿಚ್ಚಿಸುವುದು ಕಳ್ಳತನಕ್ಕಿಂತ ಎಷ್ಟೋ ದೊಡ್ಡ ಅಪರಾಧಗಳು. ಚೀಲವನ್ನು ನೋಡಬೇಕಿದ್ದರೆ, ಇನ್ನೊಬ್ಬ ಹೆಂಗಸಿನ ಎದುರು, ನೀನೇ ತೆಗೆದು ತೋರಿಸಮ್ಮ ಎಂದು ಕೇಳಬೇಕು. ಆಕೆ ಒಪ್ಪದಿದ್ದರೆ ಕಿತ್ತುಕೊಳ್ಳಬಾರದು. ಹೋದದ್ದು ಎರಡು ಸಾವಿರ, ಐವತ್ತು ಸಾವಿರ ಕೊಡದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಎಂದರೆ ಅದು ಸುಲಿಗೆಯ ಹಾದಿ. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರನ್ನು ನಾಲ್ಕು ಜನರ ಎದುರು ಜಾತಿ ಎತ್ತಿ ಬೈದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುತ್ತದೆ. ಕೋಪದಲ್ಲಿ ಆ ಮಾತು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ ಎಂಬುದನ್ನು ಕೇಳಿದವರಿಗೆ ಈ ಎಚ್ಚರಿಕೆ ಅತಿಯೆನಿಸುವುದಿಲ್ಲ.

ಮಾಡಬೇಕಾದದ್ದು ಸರಳ. ಮನೆಯ ಇನ್ನೊಬ್ಬರ ಎದುರಿನಲ್ಲಿ, ಬಾಗಿಲು ತೆರೆದಿಟ್ಟು, ಕಂಡದ್ದನ್ನು ಹೇಳಿ, ಆಕೆಯ ಮಾತನ್ನು ಪೂರ್ತಿ ಕೇಳುವುದು. ಹೋದದ್ದೆಷ್ಟು ಎಂಬುದರಲ್ಲಿ ಒಪ್ಪಂದಕ್ಕೆ ಬಂದು, ದಿನಾಂಕ, ಮೊತ್ತ ಮತ್ತು ಕಂತುಗಳನ್ನು ಒಂದು ಹಾಳೆಯಲ್ಲಿ ಬರೆದು, ಆಕೆಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕುವುದು, ಒಂದು ಪ್ರತಿಯನ್ನು ಆಕೆಗೂ ಕೊಡುವುದು. ಹೆದರಿಸಿ ಬರೆಸಿಕೊಂಡ ಕಾಗದ ನಾಳೆ ನಿಮ್ಮ ವಿರುದ್ಧವೇ ಓದಲ್ಪಡಬಹುದು, ಆದ್ದರಿಂದ ಅದರಲ್ಲಿ ಕಳ್ಳಿ ಎಂಬ ಪದ ಬೇಡ. ಹಣ ತೆಗೆದುಕೊಂಡದ್ದು, ಮರಳಿಸುವುದು ಇಷ್ಟಿದ್ದರೆ ಸಾಕು. ದುಡಿದ ದಿನಗಳ ಸಂಬಳವನ್ನು ಲೆಕ್ಕ ಹಾಕಿ ತೋರಿಸಬೇಕು. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ. ಆ ದರಕ್ಕಿಂತ ಕಡಿಮೆ ಕೊಡುತ್ತಿದ್ದ ಮನೆಗಳಲ್ಲಿ, ಲೆಕ್ಕ ಬಿಡಿಸುವ ದಿನ ಯಾರು ಯಾರಿಗೆ ಬಾಕಿ ಎಂಬುದು ಮುಜುಗರದ ಪ್ರಶ್ನೆಯಾಗಿಬಿಡಬಹುದು. ಬೀಗದ ಕೈ, ಗೇಟಿನ ಗುರುತುಚೀಟಿ ವಾಪಸು ಪಡೆದು, ಅಪಾರ್ಟ್‌ಮೆಂಟಿನ ಆಪ್‌ನಲ್ಲಿ ನಮ್ಮ ಮನೆಗೆ ಬರುವ ಅನುಮತಿಯನ್ನು ಮಾತ್ರ ತೆಗೆಯುವುದು. ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ ಈಕೆ ಕಳ್ಳಿ, ಎಚ್ಚರ ಎಂದು ಬರೆಯುವುದು ಮಾನಹಾನಿಯ ಆರೋಪಕ್ಕೆ ಬಾಗಿಲು ತೆರೆಯುತ್ತದೆ. ನ್ಯಾಯಾಲಯದಲ್ಲಿ ಏಳು ಸಾಕ್ಷಿಗಳ ಮೇಲೆ ತೀರ್ಮಾನವಾಗಬೇಕಾದದ್ದನ್ನು ಏಳು ಎಮೋಜಿಗಳ ಮೇಲೆ ಮುಗಿಸುವ ಗುಂಪುಗಳನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ದಾರಿ: ಇಟ್ಟುಕೊಂಡು ಮುಂದುವರಿಯುವುದು

ನಮ್ಮ ತಾಯಿಯ ದಾರಿ ಇದು, ಬಹಳ ಮನೆಗಳ ಹಿರಿಯರ ದಾರಿಯೂ ಹೌದು. ಒಮ್ಮೆ ತೆಗೆದದ್ದು, ಕಾರಣ ಗೊತ್ತಿರುವುದು, ತಾನಾಗಿ ಒಪ್ಪಿಕೊಂಡದ್ದು ಎಂದಾದರೆ ಇದನ್ನು ತಳ್ಳಿಹಾಕುವಂತಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು ಸಿಗುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು. ಆದರೆ ಷರತ್ತೊಂದಿದೆ. ಇಟ್ಟುಕೊಂಡ ಮೇಲೆ ದಿನವೂ ಸಂಶಯಪಡುವುದಾದರೆ ಅದು ಕ್ಷಮೆಯಲ್ಲ, ಇಬ್ಬರಿಗೂ ಹಿಂಸೆ. ಮನೆಯಲ್ಲಿ ಏನು ಕಾಣೆಯಾದರೂ ಮೊದಲು ಆಕೆಯ ಕಡೆಗೇ ಕಣ್ಣು ಹೋಗುತ್ತದೆ. ಹಣವನ್ನು ಸೀರೆಯ ಮಡಿಕೆಯಿಂದ ಬೀಗದೊಳಗೆ ಸೇರಿಸುವುದು, ಸಂಬಳವನ್ನು ಬ್ಯಾಂಕಿಗೆ ಹಾಕುವುದು, ಮುಂಗಡ ಬೇಕಾದಾಗ ಅಳುಕಿಲ್ಲದೆ ಕೇಳಲು ಒಂದು ಮಿತಿ ಗೊತ್ತುಮಾಡುವುದು ಇವಿಷ್ಟು ಆಗದೆ ಈ ದಾರಿ ನಡೆಯುವುದಿಲ್ಲ. ವಾರದ ಕಂತಿನ ಸಾಲ ಇದ್ದರೆ ಅದನ್ನು ಕೇಳಿ ತಿಳಿಯಬೇಕು. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದರಿಂದ ಆ ಕಂತುಗಳ ಬಿಸಿ ಎಷ್ಟಿರುತ್ತದೆಂದು ಊಹಿಸಬಹುದು. ಕಾರಣ ತಿಳಿಯುವುದು ತಪ್ಪನ್ನು ಅಳಿಸುವುದಿಲ್ಲ, ಮತ್ತೆ ಆಗುತ್ತದೆಯೇ ಎಂಬುದನ್ನು ಅಂದಾಜು ಮಾಡಲು ನೆರವಾಗುತ್ತದೆ.

ದೂರನ್ನೇ ಆರಿಸಬೇಕಾದ ಸಂದರ್ಭಗಳು

ಕೆಲವು ಕಡೆ ನಾನು ಹಿಂದೆಮುಂದೆ ನೋಡದೆ ಮೊದಲನೆಯ ದಾರಿಯನ್ನೇ ಹೇಳುತ್ತೇನೆ. ಹೋದದ್ದು ಚಿನ್ನವಾಗಿದ್ದು ಅದು ಈಗಾಗಲೇ ಕೈ ದಾಟಿದ್ದರೆ ತಡಮಾಡಿದಷ್ಟೂ ಕರಗಿಹೋಗುವ ಭಯವಿದೆ. ಒಂಟಿಯಾಗಿರುವ ವೃದ್ಧರ ಮನೆಯಲ್ಲಿ ಬೀಗದ ಕೈಯ ನಕಲು ಮಾಡಿಸಿದ್ದು, ಹೊರಗಿನವರನ್ನು ಕರೆತಂದದ್ದು, ಹಿರಿಯರ ಫೋನಿನಿಂದ ಯುಪಿಐ ಮೂಲಕ ಹಣ ಕಳುಹಿಸಿಕೊಂಡದ್ದು ಕಂಡುಬಂದರೆ, ಅದು ಕೊರತೆಯಿಂದ ಕೈ ಚಾಚಿದ್ದಲ್ಲ, ಸಿದ್ಧತೆ. ಅಲ್ಲಿ ಹಣಕ್ಕಿಂತ ಜೀವದ ಪ್ರಶ್ನೆ ದೊಡ್ಡದು, 112ಕ್ಕೆ ಕರೆ ಮಾಡಲು ಅಳುಕಬಾರದು. ಸುಳ್ಳು ಹೆಸರು, ಸುಳ್ಳು ಆಧಾರ್ ಕೊಟ್ಟು ಕೆಲಸಕ್ಕೆ ಸೇರಿದ್ದು ಹೊರಬಿದ್ದರೂ ಅಷ್ಟೆ.

ತದ್ವಿರುದ್ಧವಾದ ಸಂದರ್ಭವೂ ಒಂದಿದೆ. ಕದ್ದದ್ದು ಹದಿನೆಂಟು ತುಂಬದ ಹುಡುಗಿಯಾಗಿದ್ದರೆ ಪ್ರಕರಣ ಬಾಲನ್ಯಾಯ ಕಾಯ್ದೆಯ ಕೆಳಗೆ ಹೋಗುತ್ತದೆ, ಮಕ್ಕಳ ವಿಶೇಷ ಪೊಲೀಸ್ ಘಟಕ ಅದನ್ನು ನೋಡುತ್ತದೆ. ವಯಸ್ಕರ ಠಾಣೆ, ಲಾಕಪ್ಪು ಅಲ್ಲಿಲ್ಲ. ಹದಿನಾಲ್ಕು ತುಂಬದ ಮಗುವಾಗಿದ್ದರೆ ಮೊದಲ ಅಪರಾಧ ನಿಮ್ಮದೇ: ಮನೆಕೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಇವೆ. ಬೆಳ್ಳಿ ಲೋಟ ಕದ್ದಳೆಂದು ಹನ್ನೆರಡರ ಹುಡುಗಿಯ ಮೇಲೆ ದೂರು ಹೇಳಲು ಹೋಗುವವರು ಇದನ್ನು ತಿಳಿದು ಹೊರಡಲಿ.

ನಮ್ಮ ಮನೆಯಲ್ಲಿ ಕಡೆಗೆ ಮೂರನೆಯ ದಾರಿಯೇ ಗಟ್ಟಿಯಾಯಿತು. ಆ ಎರಡು ನೋಟೂ ಸೇರಿ ಒಟ್ಟು ಹೋದದ್ದು 3,500 ರೂಪಾಯಿ ಎಂದು ಆಕೆಯೇ ಒಪ್ಪಿಕೊಂಡಳು. ಅಂದು ಸಿಕ್ಕ ಸಾವಿರ ಕಳೆದು ಉಳಿದ 2,500ಕ್ಕೆ ಐದು ಕಂತು ಬರೆದೆವು. ತಿಂಗಳ ಸಂಬಳವನ್ನು ಪೂರ್ತಿ ಕೊಟ್ಟೆವು, ಅದರಲ್ಲಿ ಹಿಡಿಯಲಿಲ್ಲ. ಮೂರು ಕಂತು ಸರಿಯಾಗಿ ಬಂತು, ನಾಲ್ಕನೆಯದು ತಡವಾಯಿತು, ಐದನೆಯದನ್ನು ತಾಯಿ ಬೇಡವೆಂದರು. ಅಷ್ಟರಲ್ಲಿ ಹಿಂದಿನ ಬೀದಿಯ ಒಬ್ಬರು ಫೋನು ಮಾಡಿ, ನಿಮ್ಮಲ್ಲಿದ್ದಾಕೆ ಕೆಲಸ ಕೇಳಿಕೊಂಡು ಬಂದಿದ್ದಾಳೆ, ಹೇಗೆ ಎಂದು ಕೇಳಿದರು. ಮುಚ್ಚಿಟ್ಟರೆ ಅವರಿಗೆ ಮೋಸ, ಬಾಯಿಗೆ ಬಂದದ್ದು ಹೇಳಿದರೆ ಆಕೆಗೆ ಅನ್ಯಾಯ. ಕೆಲಸ ಅಚ್ಚುಕಟ್ಟು, ಆರು ವರ್ಷ ನೋಡಿದ್ದೇವೆ. ಹಣದ ವಿಷಯದಲ್ಲಿ ಒಂದು ಸಲ ತೊಂದರೆಯಾಯಿತು, ಅದನ್ನು ತೀರಿಸಿದ್ದಾಳೆ. ನೀವು ಬೀರುವಿಗೆ ಬೀಗ ಹಾಕಿ ಇಟ್ಟುಕೊಳ್ಳಿ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಬೀಗ ಹೇಗೂ ಹಾಕುತ್ತೇವೆ ಎಂದು ಫೋನಿಟ್ಟರು. ಆಕೆ ಈಗ ಅಲ್ಲೇ ಕೆಲಸಕ್ಕಿದ್ದಾಳೆ.